ಡಬ್ಬಿಯ ನಾಣ್ಯ ದುಡಿಮೆಗೆ ಬರುವುದು ಹೇಗೆ?

"ಸರ, ನನ್ನ ಹತ್ರ ಮುನ್ನೂರು ಹಳೀ ನಾಣ್ಯ ಅದಾವ. ಕೊಟ್ರ ಎಷ್ಟ ಬರ್ತದ?"

ವಿಜಯಪುರ ಜಿಲ್ಲೆಯಲ್ಲಿ ಇಂಡಿಯಿಂದ ಮುದ್ದೇಬಿಹಾಳದವರೆಗೆ ನಾಣ್ಯದ ಹುಚ್ಚು ಹತ್ತಿದವರು ಕೇಳುವ ಮೊದಲ ಪ್ರಶ್ನೆ ಇದೇ. ಕೇಳಿದ ಬೆನ್ನಿಗೇ ಫೋನು ತೆಗೆದು ಒಂದು ವಿಡಿಯೊ ತೋರಿಸುತ್ತಾರೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದ್ದವರು ಲಕ್ಷಾಧೀಶರು ಎಂದು ಅದರಲ್ಲಿ ಒಬ್ಬ ಕೂಗುತ್ತಿರುತ್ತಾನೆ. ಆ ನಾಣ್ಯ ಬಂದದ್ದು 2012ರಲ್ಲಿ. ಕಿರಾಣಿ ಅಂಗಡಿಯ ಗಲ್ಲಾ ತಡಕಿದರೆ ಇವತ್ತೂ ಸಿಗಬಹುದು. ಇತ್ತ ಮನೆಯಲ್ಲಿ ಬೇರೆಯದೇ ರಾಗ: "ತಾಮ್ರದ ತುಕಡಿ ಮ್ಯಾಲ ಎಷ್ಟಂತ ರೊಕ್ಕ ಸುರೂತಿ?" ಆ ಕೂಗಿಗೂ ಈ ಬೈಗುಳಕ್ಕೂ ನಡುವೆ ಸಿಕ್ಕಿಬಿದ್ದಿದ್ದೀರಾದರೆ ಮುಂದೆ ಓದಿ.

ಹಳೆ ನಾಣ್ಯಗಳಿಂದ ಸಣ್ಣ ಆದಾಯ ಖಂಡಿತ ಸಾಧ್ಯ. ಆದರೆ ಗಿರಾಕಿ ರೊಕ್ಕ ಕೊಡುವುದು ಎರಡು ಸಂಗತಿಗಳಿಗೆ: ಇದು ಏನೆಂದು ನೀವು ಸರಿಯಾಗಿ ಹೇಳಬಲ್ಲಿರಿ, ಎಲ್ಲಿಂದ ಬಂತೆಂದು ಕಾಗದ ತೋರಿಸಬಲ್ಲಿರಿ. ಇವೆರಡೂ ಇಲ್ಲದವನ ಡಬ್ಬಿ ಗುಜರಿ ತೂಕಕ್ಕೆ ಹೋಗುತ್ತದೆ.

ನಮ್ಮ ಸೀಮೆಗೆ ಏನು ವಿಶೇಷ?

ಬಸವನ ಬಾಗೇವಾಡಿ ಬಸವಣ್ಣನ ಊರು; ಆತ ಬಿಜ್ಜಳನ ಭಂಡಾರಿ, ಅಂದರೆ ರೊಕ್ಕದ ಲೆಕ್ಕ ಬಲ್ಲವನು. ಆ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವಿಸ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆಮೇಲೆ ಬಹಮನಿಗಳ ತಾಮ್ರ. 1490ರಿಂದ 1686ರವರೆಗೆ ಆದಿಲ್ ಶಾಹಿಗಳ ಆಳ್ವಿಕೆ. 1565ರಲ್ಲಿ ವಿಜಯನಗರವನ್ನು ಮುರಿದ ಕಾಳಗಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ, ತಾಳಿಕೋಟೆ ಎಲ್ಲವೂ ಮುದ್ದೇಬಿಹಾಳದ ಸೀಮೆಯವೇ. ಔರಂಗಜೇಬ ಬಿಜಾಪುರ ಗೆದ್ದ ಮೇಲೆ ಇಲ್ಲಿ ಅಚ್ಚಾದ ರೂಪಾಯಿಯ ಮೇಲೆ 'ದಾರ್-ಉಜ್-ಜಫರ್ ಬಿಜಾಪುರ' ಎಂದಿದೆ. ವಿಜಯದ ನೆಲೆ ಎಂದು ಅರ್ಥ. ಮುಂದೆ ಮರಾಠರ ತಾಮ್ರದ ಶಿವರಾಯಿ, ಬಾಗಲಕೋಟೆ ಟಂಕಸಾಲೆಯ ಮಲ್ಹಾರಶಾಹಿ ರೂಪಾಯಿ, ಕೊನೆಗೆ ಬ್ರಿಟಿಷರ ಕಲದಾರ ರೂಪಾಯಿ.

ಸಿಂದಗಿ, ಇಂಡಿ ಕಡೆಯವರಿಗೆ ಇನ್ನೂ ಒಂದು ಅನುಕೂಲ. ಬ್ರಿಟಿಷರ ಕಾಲದಲ್ಲಿ ಈಚೆ ಮುಂಬೈ ಸರಕಾರದ ಬಿಜಾಪುರ ಜಿಲ್ಲೆ, ಆಚೆ ಅಫಜಲಪುರ, ಜೇವರ್ಗಿಯಲ್ಲಿ ನಿಜಾಮನ ರಾಜ್ಯ. ಗಡಿಯ ಸಂತೆಗಳಲ್ಲಿ ಕಲದಾರವೂ ನಿಜಾಮನ ಹಾಲಿ ಸಿಕ್ಕಾವೂ ಕೈ ಬದಲಿಸಿದವು. ಅದಕ್ಕೇ ಇವತ್ತಿಗೂ ಅಜ್ಜಿಯ ಟ್ರಂಕಿನಲ್ಲಿ ರಾಣಿ ಛಾಪಿನ ರೂಪಾಯಿಯ ಪಕ್ಕದಲ್ಲೇ ಚಾರ್ ಮಿನಾರಿನ ರೂಪಾಯಿ ಸಿಗುವುದು.

ಇತಿಹಾಸ ಇಷ್ಟು ಸಾಕು.

ಹಳೆಯದಾದ ಮಾತ್ರಕ್ಕೆ ಬೆಲೆ ಯಾಕಿಲ್ಲ?

ಎರಡು ಸಾವಿರ ವರ್ಷದ ಕುಶಾಣರ ಸವೆದ ತಾಮ್ರದ ನಾಣ್ಯ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 1939ರ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗೆ ಮಾತ್ರ ಸಂಗ್ರಾಹಕರು ಮುಗಿಬೀಳುತ್ತಾರೆ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಪ್ರಶ್ನೆಗಳೇ ಬೆಲೆ ಕಟ್ಟುತ್ತವೆ. ವಯಸ್ಸು ಇವುಗಳ ಹಿಂದಿನ ಸಾಲಿನಲ್ಲಿ ನಿಲ್ಲುತ್ತದೆ.

ನಮ್ಮೂರ ಉದಾಹರಣೆಯನ್ನೇ ನೋಡಿ. 2006ರಲ್ಲಿ ಕೇಂದ್ರ ಸರಕಾರ ಮಹಾತ್ಮ ಬಸವೇಶ್ವರರ ಹೆಸರಲ್ಲಿ ₹5 ಮತ್ತು ₹100ರ ನಾಣ್ಯ ತಂದಿತು. ಐದರದ್ದು ಸಂತೆ-ಅಂಗಡಿಗಳಲ್ಲಿ ಓಡಾಡಿದ್ದು. ನೂರರದ್ದು ಸಂಗ್ರಾಹಕರಿಗೆಂದೇ ಮಾಡಿದ್ದು. ಎರಡರಲ್ಲೂ ಬಸವಣ್ಣನೇ ಇದ್ದಾನೆ, ವರ್ಷವೂ ಒಂದೇ. ಬೆಲೆ ಮಾತ್ರ ಬೇರೆ ಬೇರೆ ಲೋಕದ್ದು. ಜಾತ್ರೆಯಲ್ಲಿ ಸವೆದ ಐದರ ನಾಣ್ಯಕ್ಕೆ ಸಾವಿರ ಹೇಳುವವನಿಗೆ ನಮಸ್ಕಾರ ಮಾಡಿ ಮುಂದೆ ನಡೆಯಿರಿ.

ಇನ್ನು ನಾಲ್ಕನೆಯ ಸಂಗತಿ. ನಮ್ಮ ಕಡೆಯವರಿಗೆ ಲಾಭ ಇರುವುದು ಇಲ್ಲೇ. ಓದಲಾಗದ ನಾಣ್ಯಕ್ಕೆ ಗಿರಾಕಿ ಇಲ್ಲ. ಆದಿಲ್ ಶಾಹಿ ತಾಮ್ರದ ನಾಣ್ಯಗಳು ಅಗ್ಗವಾಗಿರುವುದಕ್ಕೆ ದೊಡ್ಡ ಕಾರಣ, ಮಾರುವವನಿಗೆ ಅದರ ಮೇಲಿನ ಅಕ್ಷರ ತಿಳಿಯದಿರುವುದು. 'ಹಳೆ ಉರ್ದು ನಾಣ್ಯ' ಎಂದು ಹಿಡಿಗಟ್ಟಲೆ ಕೊಡುತ್ತಾನೆ. ಅದೇ ಹಿಡಿಯನ್ನು ಬಿಡಿಸಿ, ಇದು ಇಬ್ರಾಹಿಂ ಆದಿಲ್ ಶಾಹನದು, ಇದು ಅವನ ಮಗ ಮುಹಮ್ಮದನದು ಎಂದು ಚೀಟಿ ಬರೆದಿಟ್ಟರೆ ಕೊಳ್ಳುವವನು ಬೇರೆ, ಕೊಡುವ ಬೆಲೆಯೂ ಬೇರೆ.

ಮೊದಲು ಕಾಯ್ದೆ, ಆಮೇಲೆ ನಾಣ್ಯ

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ನಾಣ್ಯದ ವ್ಯವಹಾರದಲ್ಲಿ ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

1. ನೂರು ವರ್ಷದ ಗೆರೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಅಥವಾ ಅದಕ್ಕೂ ಹಳೆಯ ನಾಣ್ಯ 'ಪುರಾತನ ವಸ್ತು'. ಇಟ್ಟುಕೊಳ್ಳುವುದು ಅಪರಾಧವಲ್ಲ. ಅದನ್ನು ವ್ಯಾಪಾರವಾಗಿ ಮಾರಲು ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಮಾರಿದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಅಥವಾ ಎರಡೂ. ಜೊತೆಗೆ ಮಾಲು ಜಪ್ತಿ. ಗಮನಿಸಿ: ಆದಿಲ್ ಶಾಹಿ ತಾಮ್ರ ಮಾತ್ರವಲ್ಲ, ವಿಕ್ಟೋರಿಯಾ ರಾಣಿಯ ರೂಪಾಯಿಯೂ ಈ ಗೆರೆಯ ಆಚೆಗೇ ಬೀಳುತ್ತದೆ. ಲೈಸೆನ್ಸ್ ಕೊಡುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಅರ್ಜಿ ಯಾರಿಗೆ ಹಾಕಬೇಕೆಂದು ಗೋಲಗುಮ್ಮಟದ ಎದುರಿನ ವಸ್ತುಸಂಗ್ರಹಾಲಯದ ಕಚೇರಿಯಲ್ಲಿ ಕೇಳಿ. ಲೈಸೆನ್ಸ್ ಪಡೆದವರು ರಿಜಿಸ್ಟರು, ಫೋಟೊ ಇಡುವುದು ಕಡ್ಡಾಯ.

2. ಹೊರದೇಶಕ್ಕೆ ಇಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ದುಬೈಯಲ್ಲಿರುವ ಗೆಳೆಯನಿಗೆ ಕಾಣಿಕೆ ಎಂದು ಲಕೋಟೆಯಲ್ಲಿ ಹಾಕಿದರೂ ಅದು ರಫ್ತೇ. ಇದಕ್ಕೆ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಸೆರೆ.

3. ನೆಲದಲ್ಲಿ ಸಿಕ್ಕಿದ್ದು ನಿಮ್ಮದಲ್ಲ. ಹೊಲ ಉಳುವಾಗ, ಪಾಯ ತೋಡುವಾಗ, ಹಳೆ ಗೋಡೆ ಕೆಡವುವಾಗ ಗಡಿಗೆ ಸಿಕ್ಕರೆ ಅದು ನಿಧಿ. ದೇಶಕ್ಕೆ 1878ರ ನಿಧಿ ಕಾಯ್ದೆ ಇದೆ, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು, ತಹಶೀಲ್ದಾರರ ಕಚೇರಿಯಿಂದಲೂ ಶುರು ಮಾಡಬಹುದು. 'ನಿನ್ನೆ ಹೊಲದಾಗ ಸಿಕ್ಕಾವ' ಎಂದು ಯಾರಾದರೂ ಮಣ್ಣು ಮೆತ್ತಿದ ನಾಣ್ಯ ತಂದರೆ ಮುಟ್ಟಬೇಡಿ. ನಿಜವಾಗಿ ಸಿಕ್ಕಿದ್ದರೆ ನೀವು ಕಾಯ್ದೆಯ ಕೈಗೆ ಬೀಳುತ್ತೀರಿ. ಸುಳ್ಳಾಗಿದ್ದರೆ ಮಣ್ಣು ಮೆತ್ತಿದ ನಕಲಿ ಕೊಂಡಿರುತ್ತೀರಿ. ಅನುಭವದ ಮಾತು: ಎರಡನೆಯದೇ ಹೆಚ್ಚು.

4. ತೆರಿಗೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಸೊಲ್ಲಾಪುರದ ಗಿರಾಕಿಗೆ ಮಾರಿದರೂ ಅದು ಅಂತರರಾಜ್ಯ ವ್ಯಾಪಾರ. ಆಗ ಮೊತ್ತ ಎಷ್ಟೇ ಇರಲಿ ನೋಂದಣಿ ಬೇಕು. ನಮ್ಮಂಥ ಗಡಿ ಜಿಲ್ಲೆಯವರು ಇದನ್ನು ಮರೆಯುವುದು ಸುಲಭ. ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಬಿಡಿ.

ಇಷ್ಟು ಓದಿ ಎದೆ ಒಡೆದುಕೊಳ್ಳಬೇಡಿ. ಕಾಯ್ದೆಯೇ ವ್ಯಾಪಾರಕ್ಕೆ ಒಂದು ಕ್ರಮ ತೋರಿಸುತ್ತದೆ: ನೂರು ವರ್ಷದೊಳಗಿನ ನಾಣ್ಯಗಳಿಂದ ಶುರು ಮಾಡಿ, ಕೈ ಪಳಗಿದ ಮೇಲೆ ಲೈಸೆನ್ಸ್ ಪಡೆದು ಹಿಂದಕ್ಕೆ ಹೋಗಿ.

ಹಂತ ಹಂತವಾಗಿ

1. ಎರಡು ಡಬ್ಬಿ ಮಾಡಿ. ಒಂದು ಸಂಗ್ರಹದ್ದು, ಇನ್ನೊಂದು ಮಾರಾಟದ್ದು. ಒಂದೇ ಬಗೆಯ ಎರಡನೆಯ ನಾಣ್ಯ ಕೈಗೆ ಬಂದಾಗ ಉತ್ತಮವಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಎರಡನೆಯ ಡಬ್ಬಿಗೆ ಹಾಕಿ. ಹೀಗೆ ಮಾಡದಿದ್ದರೆ ಎರಡು ಅಪಾಯ: ಪ್ರೀತಿಯ ನಾಣ್ಯ ಮಾರಿ ಕೊರಗುವುದು, ಇಲ್ಲವೇ ಯಾವುದನ್ನೂ ಬಿಟ್ಟುಕೊಡಲಾಗದೆ ವ್ಯಾಪಾರವೇ ಆಗದಿರುವುದು. ಎರಡನೆಯ ರೋಗ ನನಗೇ ಹಲವು ವರ್ಷ ಇತ್ತು.

2. ಶುರುವಿಗೆ ಯಾವುದು? ನೂರು ವರ್ಷದೊಳಗೆ ಬೇಕಾದಷ್ಟಿದೆ. 1943ರಿಂದ 1947ರವರೆಗಿನ ತೂತಿನ ದುಡ್ಡು, 1940ರ ದಶಕದ ಜಾರ್ಜ್ ದೊರೆಯ ರೂಪಾಯಿ, 1947ರ ಹುಲಿ ಚಿತ್ರದ ನಿಕ್ಕಲ್ ರೂಪಾಯಿ, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ ಚಾರ್ ಮಿನಾರ್ ನಾಣ್ಯಗಳಲ್ಲಿ ಹೊಸವು, 1950ರಲ್ಲಿ ಬಂದ ಸಿಂಹದ ನಾಣ್ಯಗಳು, 1957ರ ಏಪ್ರಿಲ್ 1ರಂದು ಶುರುವಾದ ನಯಾ ಪೈಸೆ. ನಯಾ ಪೈಸೆಯನ್ನು ವರ್ಷವಾರು, ಟಂಕಸಾಲೆವಾರು ಜೋಡಿಸಿದ ಪೂರ್ಣ ಸೆಟ್ಟಿಗೆ ಗಿರಾಕಿ ಇರುತ್ತಾರೆ. ವರ್ಷದ ಅಂಕಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದು, ಬರೀ ವಜ್ರಾಕೃತಿ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಬಿಡಿ ನಾಣ್ಯಕ್ಕೆ ಹತ್ತು ರೂಪಾಯಿ ಹುಟ್ಟದಿದ್ದರೂ ಪೂರ್ಣ ಸೆಟ್ಟು ಮಾರಾಟವಾಗುತ್ತದೆ. ಹುಡುಕುವ ಶ್ರಮವನ್ನು ನೀವು ಮಾಡಿರುತ್ತೀರಿ, ಗಿರಾಕಿ ಅದಕ್ಕೆ ರೊಕ್ಕ ಕೊಡುತ್ತಾನೆ.

ಹುಟ್ಟಿದ ತಾರೀಖಿನ ನಂಬರಿರುವ ನೋಟನ್ನು ಚೌಕಟ್ಟು ಹಾಕಿಸಿ ಉಡುಗೊರೆಗೆ ಮಾರುವುದೂ ಈಗ ನಡೆಯುವ ವ್ಯಾಪಾರವೇ. ನನ್ನಂಥ ಹಳೆ ತಲೆಗಳು ಮೂಗು ಮುರಿಯುತ್ತೇವೆ. ಆದರೂ ಮದುವೆ, ನಾಮಕರಣದ ಹಂಗಾಮಿನಲ್ಲಿ ಆದಿಲ್ ಶಾಹಿಗಿಂತ ಅದೇ ಬೇಗ ಕೈ ಬದಲಿಸುತ್ತದೆ.

3. ಒಂದು ವಿಷಯದಲ್ಲಿ ಆಳಕ್ಕೆ ಇಳಿಯಿರಿ. ಎಲ್ಲವನ್ನೂ ಮಾರುವವನಿಗೆ ಯಾವುದೂ ಪೂರ್ತಿ ಗೊತ್ತಿರುವುದಿಲ್ಲ. ವಿಜಯಪುರ ಜಿಲ್ಲೆಯವರು ಆದಿಲ್ ಶಾಹಿಯನ್ನು ಬಿಟ್ಟು ಬೇರೆ ಯಾವುದನ್ನು ಹಿಡಿಯಬೇಕು? ಲೈಸೆನ್ಸ್ ಬರುವ ಮೊದಲು ಮಾರುವಂತಿಲ್ಲ, ಸರಿ. ಕಲಿಯಲು ಲೈಸೆನ್ಸ್ ಬೇಕಿಲ್ಲವಲ್ಲ.

ಈ ನಾಣ್ಯ ಓದುವುದು ಕಷ್ಟವಾಗಲು ಕಾರಣ ಹೀಗೆ. ಅಕ್ಷರ ಕೆತ್ತಿದ ಅಚ್ಚು ದೊಡ್ಡದು, ಅದರ ಕೆಳಗಿಟ್ಟ ತಾಮ್ರದ ಬಿಲ್ಲೆ ಚಿಕ್ಕದು. ಸುತ್ತಿಗೆಯ ಪೆಟ್ಟು ಬಿದ್ದಾಗ ಅಚ್ಚಿನ ಒಂದು ಭಾಗ ಮಾತ್ರ ಬಿಲ್ಲೆಯ ಮೇಲೆ ಮೂಡುತ್ತದೆ. ಒಂದರಲ್ಲಿ ಸಾಲಿನ ತಲೆ, ಇನ್ನೊಂದರಲ್ಲಿ ಬಾಲ. ಹಾಗಾಗಿ ಒಂದೇ ನಾಣ್ಯ ಹಿಡಿದು ತಿಣುಕಿ ಪ್ರಯೋಜನವಿಲ್ಲ. ಒಂದೇ ಬಗೆಯ ಏಳೆಂಟನ್ನು ಸಾಲಾಗಿಟ್ಟು, ಪ್ರತಿಯೊಂದರಲ್ಲಿ ಕಂಡಷ್ಟನ್ನು ಕಾಗದದ ಮೇಲೆ ಬರೆದು ಕೂಡಿಸಬೇಕು. ಹರಿದ ಪತ್ರವನ್ನು ಜೋಡಿಸಿದ ಹಾಗೆ.

ಎರಡನೆಯ ಇಬ್ರಾಹಿಂ ಆದಿಲ್ ಶಾಹನ (1580-1627) ತಾಮ್ರದ ಮೇಲೆ 'ಗುಲಾಮ್-ಎ-ಮುರ್ತಜಾ ಅಲಿ' ಎಂಬ ಸಾಲಿದೆ. ಅಲಿಯ ಸೇವಕ ಎಂದು ಅರ್ಥ. ಇನ್ನೊಂದು ಬದಿಯಲ್ಲಿ 'ಇಬ್ರಾಹಿಂ ಅಬಲಾ ಬಲಿ'. ಪಾರ್ಸಿ ಲಿಪಿಯಲ್ಲಿ ಬರೆದ, ನಮ್ಮ ಕಿವಿಗೆ ಪರಿಚಿತವಾದ ಮಾತು: ಅಬಲರ ಬಲ. ಜಗದ್ಗುರು ಎಂದು ಹೆಸರಾಗಿದ್ದ ದೊರೆಯ ನಾಣ್ಯಕ್ಕೆ ಒಪ್ಪುವಂಥದ್ದೇ. ಅವನ ಮಗ, ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ (1627-1656) ನಾಣ್ಯಗಳಲ್ಲಿ ಪ್ರವಾದಿಯ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿದ ಪಾರ್ಸಿ ದ್ವಿಪದಿ ಬರುತ್ತದೆ. ಎರಡನೆಯ ಅಲಿ ಆದಿಲ್ ಶಾಹ (1656-1672) ಬೆಳ್ಳಿಯ ತಂತಿಯನ್ನು ಮಡಚಿ ಅಚ್ಚೊತ್ತಿದ ಲಾರಿ ನಾಣ್ಯ ತಂದ. ಹೇರ್‌ಪಿನ್ನಿನಂತೆ ಕಾಣುವ ಅದನ್ನು ಗೊತ್ತಿಲ್ಲದವರು ಮುರಿದ ಆಭರಣ ಎಂದು ಪತ್ತಾರರ ಮೂಸೆಗೆ ಹಾಕಿದ್ದುಂಟು.

ಓದಲು ಯಾರು ಕಲಿಸುತ್ತಾರೆ? ನಿಮ್ಮೂರ ಉರ್ದು ಶಾಲೆಯ ಮೇಷ್ಟ್ರು, ಮಸೀದಿಯ ಮೌಲವಿಗಳು. ಅಲಿಫ್‌ನಿಂದ ಶುರು ಮಾಡಿದರೆ ಮೂರು ತಿಂಗಳಲ್ಲಿ ದೊರೆಗಳ ಹೆಸರು ಬಿಡಿಸುವಷ್ಟು ಬರುತ್ತದೆ. ಹಿಜರಿ ವರ್ಷವನ್ನು ಇಸವಿಗೆ ತಿರುಗಿಸಲು ಸುಲಭದ ಲೆಕ್ಕ: ನೂರಕ್ಕೆ ಮೂರರಂತೆ ಕಳೆದು, 622 ಕೂಡಿಸಿ. 1071ರಲ್ಲಿ 32 ಕಳೆದರೆ 1039, ಅದಕ್ಕೆ 622 ಸೇರಿದರೆ 1661. ಒಂದು ವರ್ಷ ಹೆಚ್ಚು ಕಡಿಮೆ ಬರಬಹುದು.

ಪುಸ್ತಕಗಳಲ್ಲಿ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದದ್ದು ಮೊದಲ ಓದಿಗೆ ಒಳ್ಳೆಯದು. ಸುಲ್ತಾನರ ನಾಣ್ಯಕ್ಕೆ ಗೊರಾನ್ ಮತ್ತು ಗೋಯೆಂಕಾ ಅವರ 2001ರ ಕ್ಯಾಟಲಾಗು, ವಿಜಯನಗರಕ್ಕೆ ಗಣೇಶ್ ಮತ್ತು ಗಿರಿಜಾಪತಿಯವರ ಪುಸ್ತಕ. ಬೆಲೆ ಜಾಸ್ತಿ ಎನಿಸಬಹುದು. ಒಂದು ನಕಲಿ ವರಹಕ್ಕೆ ಸುರಿಯುವ ರೊಕ್ಕದಲ್ಲಿ ಮೂರೂ ಪುಸ್ತಕ ಬರುತ್ತವೆ. ಉಡುಪಿಗೆ ಹೋದಾಗ ಮಠದ ಜೊತೆಗೆ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಹಳೆ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯವನ್ನೂ ನೋಡಿ ಬನ್ನಿ.

4. ಲೆಕ್ಕದ ಪುಸ್ತಕ ಇಡಿ. ಪ್ರತಿ ನಾಣ್ಯಕ್ಕೊಂದು ನಂಬರು. ತೂಕ ಗ್ರಾಮಿನಲ್ಲಿ ಎರಡು ದಶಾಂಶದವರೆಗೆ, ಅಡ್ಡಳತೆ ಮಿಲಿಮೀಟರಿನಲ್ಲಿ, ಎರಡೂ ಬದಿಯ ಫೋಟೊ, ಕೊಂಡ ತಾರೀಖು, ಕೊಟ್ಟವರ ಹೆಸರು, ಕೊಟ್ಟ ಬೆಲೆ. ಯಾರದಾದರೂ ಮನೆಯಿಂದ ಕೊಂಡರೆ 'ಇದು ನಮ್ಮ ಹಿರಿಯರಿಂದ ಬಂದದ್ದು, ನೆಲದಲ್ಲಿ ಸಿಕ್ಕಿದ್ದಲ್ಲ' ಎಂದು ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಕೊಡುವವರಿಗೆ ಮುಜುಗರವಾದೀತು ಎಂದು ಬಿಡಬೇಡಿ. ಮುಂದೊಂದು ದಿನ ಪೊಲೀಸರೋ ಗಿರಾಕಿಯೋ ಪ್ರಶ್ನೆ ಕೇಳಿದಾಗ ಆ ಚೀಟಿಯೇ ನಿಮ್ಮ ಪರವಾಗಿ ಮಾತಾಡುವುದು.

5. ಫೋಟೊ. ಫ್ಲ್ಯಾಶ್ ಬೇಡ. ಬೆಳಿಗ್ಗೆ ಬಾಗಿಲ ಬಳಿ, ನೇರ ಬಿಸಿಲು ಬೀಳದ ಕಡೆ, ಕಪ್ಪು ಬಟ್ಟೆಯ ಮೇಲೆ ಇಟ್ಟು ಒಂದು ಪಕ್ಕದಿಂದ ಬೆಳಕು ಬರುವಂತೆ ತೆಗೆಯಿರಿ. ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಗೀರು, ತೂತು, ಬೆಸುಗೆ ಇದ್ದರೆ ಅದನ್ನೇ ಹತ್ತಿರದಿಂದ ತೋರಿಸಿ. ನಮ್ಮ ಕಡೆಯ ಎಷ್ಟೋ ರಾಣಿ ರೂಪಾಯಿಗಳು ಒಂದು ಕಾಲಕ್ಕೆ ಕೊರಳ ಸರದಲ್ಲಿದ್ದವು. ಅಂಚಿನಲ್ಲಿ ಕೊಂಡಿ ಕಿತ್ತ ಗುರುತು ಉಳಿದಿರುತ್ತದೆ. ಅದನ್ನು ಮುಚ್ಚಿ ಮಾರಿದರೆ ಗಿರಾಕಿ ಒಂದೇ ಬಾರಿ ಬರುತ್ತಾನೆ.

6. ಎಲ್ಲಿ ಮಾರುವುದು? ಸಂಗ್ರಾಹಕರ ವಾಟ್ಸ್ಆ್ಯಪ್, ಫೇಸ್‌ಬುಕ್ ಗುಂಪುಗಳಲ್ಲಿ ಮೊದಲ ಆರು ತಿಂಗಳು ಬರೀ ನೋಡುತ್ತಿರಿ. ಯಾವುದು ಎಷ್ಟಕ್ಕೆ ಹೋಗುತ್ತದೆ ಎಂದು ತಿಳಿಯುತ್ತದೆ. ಬೆಂಗಳೂರಿನಲ್ಲಿ ಕನ್ನಡನಾಡು ನಾಣ್ಯ ಸಂಘ ನಡೆಸುವ 'ನಾಣ್ಯದರ್ಶಿನಿ'ಯಂಥ ಪ್ರದರ್ಶನಕ್ಕೆ ಹೋದರೆ ಒಂದೇ ದಿನದಲ್ಲಿ ಐವತ್ತು ವ್ಯಾಪಾರಿಗಳ ಮೇಜು ಸುತ್ತಬಹುದು. ನಿಜಕ್ಕೂ ಅಪರೂಪದ ನಾಣ್ಯವಿದ್ದರೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ ಮುಂತಾದ ಹರಾಜು ಸಂಸ್ಥೆಗಳಿವೆ. ಅವರ ಹಳೆ ಹರಾಜುಗಳ ಬೆಲೆಪಟ್ಟಿ ನೋಡುವುದೇ ದೊಡ್ಡ ಪಾಠ. ಅವರ ಕಮಿಷನ್ ಎಷ್ಟೆಂದು ಮೊದಲೇ ಲಿಖಿತವಾಗಿ ಕೇಳಿ.

ಊರಲ್ಲೇ ಇದ್ದು ದುಡಿಯುವ ದಾರಿಯೂ ಇದೆ. ಶಾಲೆ-ಕಾಲೇಜುಗಳಲ್ಲಿ ಶುಲ್ಕ ಪಡೆದು ನಾಣ್ಯ ಪ್ರದರ್ಶನ, ಮನೆಗಳಲ್ಲಿ ಬಿದ್ದಿರುವ ನಾಣ್ಯ ಗುರುತಿಸಿ ಪಟ್ಟಿ ಮಾಡಿಕೊಡುವ ಕೆಲಸ, ಆಲ್ಬಂ ಮತ್ತು ಹೋಲ್ಡರ್ ಮಾರಾಟ. ಬಸವ ಜಯಂತಿಗೆ ಬಸವೇಶ್ವರರ ಐದು ರೂಪಾಯಿಯನ್ನು ಒಂದು ಕಾರ್ಡಿನ ಮೇಲೆ ಕೂರಿಸಿ, ಕೆಳಗೆ ನಾಲ್ಕು ಸಾಲು ಮಾಹಿತಿ ಬರೆದು ಕೊಟ್ಟರೆ ಯಾತ್ರಿಕರು ಕೊಳ್ಳುತ್ತಾರೆ. ಕಾರ್ಡಿಗೆ, ಕೈಕೆಲಸಕ್ಕೆ ಬೆಲೆ ಹಾಕಿ. 'ಅಪರೂಪದ ನಾಣ್ಯ' ಎಂದು ಮಾತ್ರ ಬರೆಯಬೇಡಿ.

7. ರೊಕ್ಕದ ಲೆಕ್ಕ. ಉದಾಹರಣೆಗೆ ₹10,000 ಹಾಕುತ್ತೀರಿ ಎನ್ನಿ. ಅದರಲ್ಲಿ 4,000 ತಕ್ಕಡಿ, ಹತ್ತು ಪಟ್ಟಿನ ಭೂತಗನ್ನಡಿ, ಹೋಲ್ಡರು, ಒಂದು ಪುಸ್ತಕಕ್ಕೆ ಹೋಯಿತು. ಉಳಿದ 6,000ಕ್ಕೆ ತಲಾ ನೂರರಂತೆ 60 ನಾಣ್ಯ ಕೊಂಡಿರಿ. ಆರು ತಿಂಗಳಲ್ಲಿ 20 ನಾಣ್ಯ ತಲಾ 200ಕ್ಕೆ ಹೋದರೆ ಕೈಗೆ 4,000. 'ದುಪ್ಪಟ್ಟು ಲಾಭ' ಎಂದು ಕುಣಿಯುವ ಹಾಗಿಲ್ಲ. ನಾಣ್ಯಕ್ಕೆ ಹಾಕಿದ್ದರಲ್ಲೇ ಇನ್ನೂ 2,000 ಬರಬೇಕಿದೆ, 40 ನಾಣ್ಯ ಡಬ್ಬಿಯಲ್ಲಿ ಕೂತಿವೆ. ನಾಣ್ಯ ಕೆಡದ ಸರಕು, ಆದರೆ ನಿಧಾನದ ಸರಕು. ಆದ್ದರಿಂದ ಇದಕ್ಕೆ ಸಾಲ ಮಾಡಬೇಡಿ, ಮುದ್ರಾ ಸಾಲವನ್ನೂ. ಕಂತು ತಿಂಗಳಿಗೊಮ್ಮೆ ಬರುತ್ತದೆ. ಗಿರಾಕಿ ಹಾಗೆ ಬರುವುದಿಲ್ಲ.

ಅಸಲಿ, ನಕಲಿ

ಪತ್ತಾರರ ಸ್ನೇಹ ಮಾಡಿಕೊಳ್ಳಿ. ಲೋಹ ಗುರುತಿಸುವಲ್ಲಿ ಅವರ ಕಣ್ಣು ನಮ್ಮದಕ್ಕಿಂತ ಮೂರು ತಲೆಮಾರು ಹಿರಿದು. ಆದರೆ ಬೆಳ್ಳಿ ಅಸಲಿ ಎಂದ ಮಾತ್ರಕ್ಕೆ ನಾಣ್ಯ ಅಸಲಿ ಆಗುವುದಿಲ್ಲ. ಅಸಲಿ ಬೆಳ್ಳಿಯಲ್ಲೇ ಎರಕ ಹೊಯ್ದ ನಕಲಿಗಳಿವೆ. ಆದ್ದರಿಂದ ಈ ಪರೀಕ್ಷೆಗಳನ್ನೂ ಮಾಡಿ.

ತೂಕ: ವಿಕ್ಟೋರಿಯಾ ರೂಪಾಯಿ 11.66 ಗ್ರಾಂ. ಸವೆದದ್ದು ತುಸು ಕಡಿಮೆ ತೂಗಬಹುದು, ಹೆಚ್ಚು ತೂಗುವಂತಿಲ್ಲ. ವಿಜಯನಗರದ ವರಹ ಸುಮಾರು 3.4 ಗ್ರಾಂ.

ಅಯಸ್ಕಾಂತ: ಚಿನ್ನ, ಬೆಳ್ಳಿ, ತಾಮ್ರ ಅಂಟುವುದಿಲ್ಲ. ಅಂಟಿದರೆ ಅಲ್ಲಿಗೇ ಮಾತು ಮುಗಿಯಿತು.

ನೀರಿನ ಪರೀಕ್ಷೆ: ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು ತಕ್ಕಡಿ ತೋರಿಸುತ್ತದೆ. ಅಸಲಿ ವಿಕ್ಟೋರಿಯಾ ರೂಪಾಯಿಯಲ್ಲಿ ಬೆಳ್ಳಿ ನೂರಕ್ಕೆ 91.7 ಇರುವುದರಿಂದ ಅದು 1.13 ಗ್ರಾಮಿನ ಆಸುಪಾಸು ಬರಬೇಕು. ಅಷ್ಟೇ ತೂಕದ ಹಿತ್ತಾಳೆ, ನಿಕ್ಕಲ್ ಬೆರಕೆಯದಾದರೆ 1.3 ದಾಟುತ್ತದೆ. ಹಗುರ ಲೋಹ ಅಷ್ಟೇ ತೂಗಬೇಕಾದರೆ ಹೆಚ್ಚು ಜಾಗ ಹಿಡಿಯಲೇಬೇಕಲ್ಲ!

ಅಂಚು: ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ಸಣ್ಣ ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿ, ಅಕ್ಷರಗಳಲ್ಲಿ ಸಾಬೂನು ಸವೆದಂಥ ನುಣುಪು. ಅಚ್ಚೊತ್ತಿದ ನಾಣ್ಯದ ಅಕ್ಷರಕ್ಕೆ ಚೂಪು ಇರುತ್ತದೆ.

ಇನ್ನು ರಾಮ-ಸೀತೆ, ಹನುಮಂತ, ಓಂ ಚಿತ್ರವಿದ್ದು ಮತ್ತೊಂದು ಬದಿಯಲ್ಲಿ 'ಈಸ್ಟ್ ಇಂಡಿಯಾ ಕಂಪನಿ 1818' ಎಂದಿರುವ ಆಣೆಗಳು. ಜಾತ್ರೆಯ ಹಾಸಿನ ಮೇಲೆ ಇವು ಇಲ್ಲದೇ ಇರುವುದಿಲ್ಲ. ಕಂಪನಿ ಇಂಥ ಆಣೆ ಅಚ್ಚು ಹಾಕಿಸಿಯೇ ಇಲ್ಲ; ಇವು ಆಮೇಲೆ ಹುಟ್ಟಿಸಿದ ಬಿಲ್ಲೆಗಳು. ಅಕ್ಕಿಕಾಳು ಸೆಳೆಯುತ್ತದೆ, 'ರೈಸ್ ಪುಲ್ಲಿಂಗ್' ಶಕ್ತಿ ಇದೆ, ವಿಜ್ಞಾನಿಗಳು ಕೋಟಿ ಕೊಡುತ್ತಾರೆ ಎಂದು ಮೋಸ ನಡೆಯುವುದು ಇಂಥ ಬಿಲ್ಲೆ, ಚೊಂಬುಗಳ ಹೆಸರಲ್ಲೇ. ಹೊಲ ಮಾರಿ ರೊಕ್ಕ ಕೊಟ್ಟು ಕೂತವರಿದ್ದಾರೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ತಿಕ್ಕಿ ತೊಳೆಯುವುದು.* ದೇವರ ಸಾಮಾನು ಹುಣಸೆಹಣ್ಣಿನಲ್ಲಿ ತಿಕ್ಕುವ ಕೈ ನಾಣ್ಯವನ್ನೂ ಬಿಡುವುದಿಲ್ಲ. ನಾನು ನನ್ನ ಮೊದಲ ಶಿವರಾಯಿಯನ್ನು ಹೊಸ ಚೊಂಬಿನಂತೆ ಹೊಳೆಯಿಸಿ ಒಬ್ಬ ಹಿರಿಯರಿಗೆ ತೋರಿಸಿದ್ದೆ. ಅವರು ನೋಡಿ, "ಭಾಳ ಚಂದ ಕೊಂದೀಯಪಾ" ಎಂದರು. ಶತಮಾನಗಳಲ್ಲಿ ಮೇಲೆ ಕೂತ ಕಂದು, ಹಸಿರು ಪದರವೇ ನಾಣ್ಯದ ಚರ್ಮ. ಅದು ಹೋದರೆ ಬೆಲೆಯೂ ಹೋಯಿತು, ಒಳಗಿನ ಲೋಹಕ್ಕೆ ರಕ್ಷಣೆಯೂ ಹೋಯಿತು. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ಮೆತ್ತಗೆ ಒತ್ತಿ ಒಣಗಿಸಿ, ಅಷ್ಟೇ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ತಾಮ್ರದ ರೋಗ. ಬೇರೆ ನಾಣ್ಯಗಳಿಂದ ದೂರ ಇಡಿ.

*ಅಗ್ಗದ ಪ್ಲಾಸ್ಟಿಕ್ಕು.* ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಂ ಕೆಲವು ವರ್ಷದಲ್ಲಿ ಜಿಡ್ಡು ಬಿಡುತ್ತದೆ, ನಾಣ್ಯ ಹಸಿರಾಗುತ್ತದೆ. ಪಿವಿಸಿ ಇಲ್ಲದ ಹೋಲ್ಡರ್ ಕೇಳಿ ಕೊಳ್ಳಿ. ರಬ್ಬರ್ ಬ್ಯಾಂಡು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ನಮ್ಮ ಒಣ ಹವೆ ನಾಣ್ಯಕ್ಕೆ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಡಬ್ಬಿಗೊಂದು ಸಿಲಿಕಾ ಪೊಟ್ಟಣ ಹಾಕಿ. ಹಿಡಿಯುವಾಗ ಅಂಚನ್ನು ಹಿಡಿಯಿರಿ.

*ಕತೆ ಕೊಳ್ಳುವುದು.* 'ರಕ್ಕಸಗಿ-ತಂಗಡಗಿ ಯುದ್ಧದಾಗ ಬಿದ್ದ ವರಹ' ಎಂದು ಕೃಷ್ಣದೇವರಾಯನ ನಾಣ್ಯ ತೋರಿಸುತ್ತಾರೆ. ಕತೆಗೆ ತೂಕವಿಲ್ಲ. ನಾಣ್ಯ ತೂಗಿ, ಅದರ ಮೇಲಿನ 'ಶ್ರೀ ಪ್ರತಾಪ ಕೃಷ್ಣರಾಯ' ಎಂಬ ನಾಗರಿ ಅಕ್ಷರ ಓದಿ. ಅಕ್ಷರ ಗೊತ್ತಿಲ್ಲದವನು ಕೆತ್ತಿದ ನಕಲಿಯಲ್ಲಿ ಅವು ಬರೀ ಗೆರೆಗಳಾಗಿರುತ್ತವೆ.

*ಮುಂಗಡ ಕಟ್ಟುವುದು.* 'ನಿಮ್ಮ ನಾಣ್ಯಕ್ಕೆ ಐದು ಲಕ್ಷ ಮಂಜೂರಾಗಿದೆ, ನೋಂದಣಿಗೆ 2,500 ಕಳಿಸಿ' ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಫೋನು ಬರುತ್ತದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಇದಕ್ಕೆ ಶುಲ್ಕ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಕೊಳ್ಳುವವನು ರೊಕ್ಕ ಕೊಡಬೇಕು, ಕೇಳಬಾರದು. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ.

*ತಿಳಿಯದವರಿಂದ ಕಸಿಯುವುದು.* ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ರಾಣಿ ರೂಪಾಯಿಯನ್ನು, ಕೈಗೆ ರೊಕ್ಕವಿಲ್ಲದ ವರ್ಷ ಮಾರಲು ತರುವವರು ಇರುತ್ತಾರೆ. ಐವತ್ತೋ ನೂರೋ ಕೊಟ್ಟು ಕಳಿಸಬಹುದು; ಕಳಿಸುವವರೂ ಇದ್ದಾರೆ. ಆದರೆ ಸಣ್ಣ ಊರಲ್ಲಿ ಮಾತು ಮರುದಿನ ಸಂತೆಗೆ ಮುಟ್ಟುತ್ತದೆ. ಹೀಗೆ ಮಾಡಿ. ತಕ್ಕಡಿಯನ್ನು ಅವರ ಕಡೆಗೆ ತಿರುಗಿಸಿ ತೂಗಿ. 11.66 ಗ್ರಾಮಿನಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ, 1940ರಿಂದ 45ರವರೆಗಿನ ಜಾರ್ಜ್ ರೂಪಾಯಿಯಾದರೆ ಅರ್ಧ ಬೆಳ್ಳಿ, 5.8 ಗ್ರಾಂ. ಅವತ್ತಿನ ಸರಾಫ ಬಜಾರಿನ ದರದಿಂದ ಗುಣಿಸಿ. "ಯಕ್ಕಾ, ಬರೇ ಬೆಳ್ಳೀನ ಇಷ್ಟು ಆಗ್ತದ, ಇದಕ್ಕ ಕಡಿಮಿ ಯಾರ ಕೇಳಿದ್ರೂ ಕೊಡಬ್ಯಾಡ್ರಿ" ಎಂದು ಹೇಳಿ, ಆ ಲೆಕ್ಕ ಬರೆದ ಚೀಟಿಯನ್ನು ಅವರ ಕೈಗೇ ಕೊಡಿ. ನಿಮ್ಮ ಬಳಿ ಇನ್ನೂ ಲೈಸೆನ್ಸ್ ಇಲ್ಲದಿದ್ದರೆ ಮಾರಾಟಕ್ಕೆಂದು ರಾಣಿ ರೂಪಾಯಿಯನ್ನು ಕೊಳ್ಳಬೇಡಿ. ಒಂದಿಬ್ಬರು ಚೀಟಿ ಹಿಡಿದು ನೇರ ಪತ್ತಾರರ ಅಂಗಡಿಗೆ ಹೋದಾರು. ಇನ್ನು ಕೆಲವರು ರೂಪಾಯಿಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಮನೆಗೆ ಹೋಗಿ, ವಾರ ಬಿಟ್ಟು ಅತ್ತೆಯ ಟ್ರಂಕಿನೊಳಗಿನ ಪೂರಾ ಗಂಟನ್ನೇ ಹೊತ್ತು ತರುತ್ತಾರೆ, ಇವು ಏನೆಂದು ಓದಿಸಿಕೊಳ್ಳಲು.